ಐದು ವಾಟ್ ಎಷ್ಟು ದೂರ ಹೋಗುತ್ತೆ?

ಹ್ಯಾಮ್ ರೇಡಿಯೊ ಲೈಸೆನ್ಸ್ ಪಡೆದ ಹೊಸಬರ ಕಿವಿಗೆ ಎರಡು ಬಗೆಯ ಮಾತು ಬೀಳುತ್ತದೆ. ‘ನೂರು ವಾಟ್ ಸೆಟ್ ಇಲ್ಲದೆ ಏನೂ ಆಗಲ್ಲ, ದುಡ್ಡು ಕೂಡಿಡು’ ಎನ್ನುವವರು ಕೆಲವರು. ‘ಐದು ವಾಟ್‌ನಲ್ಲಿ ಇಡೀ ಜಗತ್ತನ್ನೇ ಮಾತಾಡಿಸಬಹುದು’ ಎನ್ನುವವರು ಇನ್ನು ಕೆಲವರು. ನನ್ನ ಪ್ರಕಾರ ಹೆಚ್ಚು ಹಾನಿ ಮಾಡುವವರು ಎರಡನೆಯವರು. ಅವರ ಮಾತು ನಂಬಿ ಶುರು ಮಾಡಿದ ಗೆಳೆಯರು, ವಾರವಿಡೀ ಕರೆದರೂ ಉತ್ತರ ಬಾರದೆ ಸೆಟ್ಟನ್ನು ಅಟ್ಟಕ್ಕೆ ಹಾಕಿದ್ದನ್ನು ನೋಡಿದ್ದೇನೆ.

ಐದು ವಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯ ಪ್ರಸಾರಕ್ಕೆ ಹ್ಯಾಮ್‌ಗಳು ‘ಕ್ಯೂಆರ್‌ಪಿ’ ಎನ್ನುತ್ತಾರೆ. ಲೆಕ್ಕ ನೋಡಿ. ನೂರರಿಂದ ಐದಕ್ಕೆ ಇಳಿದರೆ ಶಕ್ತಿ 20ರಲ್ಲಿ ಒಂದು ಪಾಲಾಗುತ್ತದೆ. ಕೇಳುವವರ ಕಡೆ ಆಗುವ ನಷ್ಟ 13 ಡೆಸಿಬೆಲ್. ಎಸ್-ಮೀಟರ್‌ನಲ್ಲಿ ಸುಮಾರು ಎರಡು ಅಂಕ ಅಷ್ಟೆ. ಏಳರಲ್ಲಿದ್ದ ಮುಳ್ಳು ಐದಕ್ಕೆ ಬರುತ್ತದೆ. ಬ್ಯಾಂಡ್ ಶಾಂತವಾಗಿದ್ದರೆ ಆರಾಮಾಗಿ ಕೇಳುತ್ತದೆ, ಗದ್ದಲವಿದ್ದರೆ ಮುಳುಗಿಹೋಗುತ್ತದೆ. ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರುಗಳ ಗೊರಗೊರ ಈಗ ಎಲ್ಲ ಮನೆಗಳಲ್ಲೂ ಇದೆ. ಕರೆಂಟ್ ಹೋದಾಗ ಖುಷಿಪಡುವವರು ಬಹುಶಃ ನಾವು ಮಾತ್ರ!

ಹಾಗಾಗಿ ಮಾತಿಗಿಂತ ಮೋರ್ಸ್ ಮೇಲು. ಮಾತಿಗೆ ಎರಡೂವರೆ ಕಿಲೋಹರ್ಟ್ಸ್‌ನಷ್ಟು ಜಾಗ ಬೇಕು, ಮೋರ್ಸ್‌ಗೆ ಕೆಲವೇ ನೂರು ಹರ್ಟ್ಸ್ ಸಾಕು. ಇರುವ ಐದು ವಾಟ್ ಅಷ್ಟರಲ್ಲೇ ಒಟ್ಟಾಗಿ ನಿಲ್ಲುತ್ತದೆ. ಇನ್ನು, ನೀವೇ ‘ಸಿಕ್ಯೂ’ ಎಂದು ಕೂಗುತ್ತಾ ಕೂರುವುದಕ್ಕಿಂತ ಜೋರಾಗಿ ಕೇಳುತ್ತಿರುವವರ ಕರೆಗೆ ಉತ್ತರಿಸುವುದು ಲೇಸು. ಸ್ಪರ್ಧೆಗಳಿರುವ ವಾರಾಂತ್ಯದಲ್ಲಿ ದೊಡ್ಡ ಆ್ಯಂಟೆನಾದವರು ಸಣ್ಣ ದನಿಗೂ ಕಿವಿಗೊಡುತ್ತಾರೆ, ಅವರಿಗೆ ಅಂಕ ಬೇಕಲ್ಲ!

ಸಾವಿರಾರು ರೂಪಾಯಿ ಕೊಟ್ಟು ವಾಟ್ ಕೊಳ್ಳುವ ಮೊದಲು ತಂತಿಗೆ ಖರ್ಚು ಮಾಡಿ ಎನ್ನುತ್ತೇನೆ. 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿಯ ಡೈಪೋಲ್ ಸಾಕು; ಅದನ್ನು ತೆಂಗಿನ ಮರಗಳ ನಡುವೆ ಎತ್ತರಕ್ಕೆ ಕಟ್ಟಬೇಕು. ಹಗಲಲ್ಲಿ ಬೆಂಗಳೂರಿಂದ ಹುಬ್ಬಳ್ಳಿಯಂಥ ದೂರ ಅದಕ್ಕೆ ಕಷ್ಟವಲ್ಲ. 14 ಮೆಗಾಹರ್ಟ್ಸ್‌ನಲ್ಲಿ ಸಂಜೆಯ ಹೊತ್ತು ಯುರೋಪ್ ಸಿಗಬಹುದು, ಸಿಗದೆಯೂ ಇರಬಹುದು. ಅದು ಅಯಾನುಗೋಳದ, ಅಂದರೆ ಕೊನೆಗೆ ಸೂರ್ಯನ ಮರ್ಜಿ. ಸೌರಕಲೆಗಳ ಹನ್ನೊಂದು ವರ್ಷದ ಚಕ್ರ ಇಳಿಮುಖವಾದಾಗ ನೂರು ವಾಟ್‌ನವರೂ ಪರದಾಡುತ್ತಾರೆ.

ಸೆಟ್ಟನ್ನು ಕೊಳ್ಳಲೇಬೇಕೆಂದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ‘ಬಿಟ್‌ಎಕ್ಸ್’ ಸುಮಾರು ಆರು ವಾಟ್‌ನದು, ನಮ್ಮಲ್ಲೇ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಲೆಂದೇ ಮಾಡಿದ ವಿನ್ಯಾಸ. ಎಸ್.ಪಿ. ರೋಡ್‌ನಲ್ಲಿ ಅರ್ಧ ದಿನ ಅಲೆದು, ಸಾಲ್ಡರಿಂಗ್ ಮಾಡಿ, ಎಲ್ಲಿ ಸಿಗ್ನಲ್ ಸತ್ತಿದೆ ಎಂದು ಹುಡುಕುವಾಗ ಎಲೆಕ್ಟ್ರಾನಿಕ್ಸ್ ಲ್ಯಾಬಿನ ರೆಕಾರ್ಡ್ ಬುಕ್ ಕಲಿಸದ್ದು ಕೈಗೆ ಹತ್ತುತ್ತದೆ. ‘ಇದರಿಂದ ಕೆಲಸ ಸಿಗುತ್ತಾ?’ ಎಂದು ಮನೆಯವರು ಕೇಳುತ್ತಾರೆ. ಲೈಸೆನ್ಸ್ ತೋರಿಸಿದರೆ ಸಿಗಲಿಕ್ಕಿಲ್ಲ. ನೀವೇ ಕಟ್ಟಿದ ಸೆಟ್ಟಿನ ದೋಷವನ್ನು ಹೇಗೆ ಪತ್ತೆ ಮಾಡಿದಿರಿ ಎಂದು ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಬಲ್ಲಿರಾದರೆ ಕೇಳುವವರಿದ್ದಾರೆ.

ಮೊದಲ ತಿಂಗಳಲ್ಲಿ ಹತ್ತು ಕರೆಗೆ ಒಂದು ಉತ್ತರ ಬಂದರೂ ಸೆಟ್ ಸರಿಯಾಗಿಯೇ ಇದೆ ಎಂದುಕೊಳ್ಳಿ. ಒಂದೂ ಬರದಿದ್ದರೆ ಮೊದಲು ಆ್ಯಂಟೆನಾದ ಜಾಯಿಂಟ್ ನೋಡಿ.