ವಲಸಿಗನಿಗೆ ಊರು ಕೇಳುವ ಚಟ

ಇರಾನಿನ ಸಿನಿಮಾ ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಕಿಯಾರೊಸ್ತಮಿ, ಮಜೀದಿ. ಜರ್ಮನಿಯ ಹೊಸ ಸಿನಿಮಾ ಎಂದರೆ ಫಾಸ್‌ಬಿಂಡರ್, ಹೆರ್ಜಾಗ್, ವೆಂಡರ್ಸ್. ಈ ಎರಡು ಪಟ್ಟಿಗಳ ಸಂದಿಯಲ್ಲಿ ಕಳೆದುಹೋದವನು ಸೊಹ್ರಾಬ್ ಶಹೀದ್ ಸಾಲೆಸ್. ಅವನಷ್ಟಕ್ಕೆ ಅವನು ಕಳೆದುಹೋಗಲಿಲ್ಲ. ಪಟ್ಟಿ ಮಾಡುವವರು ಕಳೆದುಹಾಕಿದರು. ಆ ಪಟ್ಟಿಗಳನ್ನು ಉರುಹೊಡೆಯುವ ನಮಗೂ ಅದರಲ್ಲಿ ಪಾಲಿದೆ.

1944ರಲ್ಲಿ ತೆಹರಾನಿನಲ್ಲಿ ಹುಟ್ಟಿ, ವಿಯೆನ್ನಾ, ಪ್ಯಾರಿಸ್‌ಗಳಲ್ಲಿ ಸಿನಿಮಾ ಕಲಿತು ಊರಿಗೆ ಮರಳಿದ ಸಾಲೆಸ್, 1973ರಲ್ಲಿ 'ಎ ಸಿಂಪಲ್ ಇವೆಂಟ್' ಮಾಡಿದ. ಮರುವರ್ಷ 'ಸ್ಟಿಲ್ ಲೈಫ್'ಗೆ ಬರ್ಲಿನ್ ಉತ್ಸವದ ಬೆಳ್ಳಿ ಕರಡಿ ಸಿಕ್ಕಿತು. ಷಾನ ಕಾಲದ ಸೆನ್ಸಾರಿನ ಕಾಟಕ್ಕೆ ಬೇಸತ್ತು ಜರ್ಮನಿಗೆ ಹೋದ. ಅಲ್ಲಿ ಹನ್ನೆರಡಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ. 1998ರಲ್ಲಿ ಶಿಕಾಗೋದಲ್ಲಿ ತೀರಿಕೊಂಡ.

ಇಷ್ಟು ಹೇಳಿದರೆ ಸಾಕು, 'ದೇಶಭ್ರಷ್ಟ ಕಲಾವಿದ' ಎಂಬ ಮರುಕದ ಹಣೆಪಟ್ಟಿ ಸಿದ್ಧವಾಗುತ್ತದೆ. ವಲಸಿಗ ನಿರ್ದೇಶಕ ತಾಯ್ನೆಲದ ನೋವನ್ನೇ ಹೇಳಬೇಕು, ಅಲ್ಲಿಯ ಮನೆ, ಅಂಗಳ, ಅಮ್ಮನ ಅಡುಗೆ ನೆನೆದು ಕೊರಗಬೇಕು ಎಂಬುದು ನಮ್ಮ ನಿರೀಕ್ಷೆ. ಸಾಲೆಸ್ ಈ ಹರಕೆ ತೀರಿಸಲಿಲ್ಲ. 1975ರ 'ಫಾರ್ ಫ್ರಮ್ ಹೋಮ್' ಚಿತ್ರದ ನಾಯಕ ಬರ್ಲಿನ್ನಿನ ಕಾರ್ಖಾನೆಯಲ್ಲಿ ದುಡಿಯುವ ತುರ್ಕಿಯವನು. 1980ರ 'ಆರ್ಡರ್' ಚಿತ್ರದಲ್ಲಿ ಕೆಲಸ ಬಿಟ್ಟು ಕುಳಿತ ಜರ್ಮನ್ ಎಂಜಿನಿಯರ್ ಭಾನುವಾರ ಬೆಳಗ್ಗೆ ಬೀದಿಯಲ್ಲಿ ನಿಂತು 'ಎದ್ದೇಳಿ' ಎಂದು ಕೂಗುತ್ತಾನೆ. ನೆಂಟನಾಗಿ ಬಂದವನು ಮನೆಯವರ ನಿದ್ದೆ ಕೆಡಿಸಿದರೆ ಯಾರಿಗೆ ತಾನೇ ಹಿತವಾದೀತು?

ಹಾಗಾದರೆ ಅವನ ಬೇರು ಎಲ್ಲಿದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ, ಆದರೆ ಉತ್ತರವನ್ನು ಕಥೆಯಲ್ಲಿ ಹುಡುಕುವುದು ತಪ್ಪು. 'ಸ್ಟಿಲ್ ಲೈಫ್'ನ ಮುದಿ ರೈಲ್ವೆ ಗೇಟ್‌ಮನ್ ಗೇಟು ಹಾಕಿ ತೆಗೆಯುವುದನ್ನು ಕ್ಯಾಮೆರಾ ಎಷ್ಟು ತಾಳ್ಮೆಯಿಂದ ನೋಡುತ್ತದೋ, ಆ ತುರ್ಕಿ ಕಾರ್ಮಿಕ ಯಂತ್ರದ ಮುಂದೆ ದಿನವಿಡೀ ಅದೇ ಕೆಲಸ ಮಾಡುವುದನ್ನೂ ಅಷ್ಟೇ ತಾಳ್ಮೆಯಿಂದ ನೋಡುತ್ತದೆ. ಗಡಿ ದಾಟುವಾಗ ಸಾಲೆಸ್ ಜೊತೆಗೊಯ್ದದ್ದು ಈ ನೋಟವನ್ನು. ಅದೂ ಇರಾನಿನದೇ ಎನ್ನುವಂತಿಲ್ಲ. ಅವನು ಗುರುವೆಂದು ಆರಿಸಿಕೊಂಡದ್ದು ರಷ್ಯದ ಚೆಕಾವ್‌ನನ್ನು; ಆತನ ಬದುಕಿನ ಮೇಲೊಂದು ಸಾಕ್ಷ್ಯಚಿತ್ರವನ್ನೂ ಮಾಡಿದ.

ಜರ್ಮನ್ ನಿರ್ದೇಶಕನೊಬ್ಬ ಬೇರೆ ದೇಶಕ್ಕೆ ಹೋಗಿ ಚಿತ್ರ ಮಾಡಿದರೆ ಅವನನ್ನು ವಿಶ್ವಮಾನವ ಎನ್ನುತ್ತೇವೆ. ಇರಾನಿನವನು ಜರ್ಮನರ ಕುರಿತು ಚಿತ್ರ ಮಾಡಿದರೆ ಬೇರು ಕಳಚಿದವನು ಎನ್ನುತ್ತೇವೆ. ಈ ಎರಡು ಅಳತೆಗೋಲುಗಳನ್ನು ಸಾಹಿತ್ಯದ ವಿದ್ಯಾರ್ಥಿಗಳಾದರೂ ಕೈಬಿಡಬೇಕು.

ಚಿತ್ರೋತ್ಸವದ ಕೈಪಿಡಿಯಲ್ಲಿ ಪ್ರತಿ ಚಿತ್ರದ ಪಕ್ಕದಲ್ಲೂ ದೇಶದ ಹೆಸರಿರುತ್ತದೆ. ಒಮ್ಮೆ ಅದನ್ನು ಬೆರಳಿನಿಂದ ಮುಚ್ಚಿ ಚಿತ್ರ ನೋಡಿ. ಊರು ಯಾವುದೆಂದು ಆಮೇಲೆ ಕೇಳಿದರಾಯಿತು.