ಒಂದೇ ಗಣಿಯ ಎರಡು ಕಣ

ಈ ವಿಜ್ಞಾನ ಸಂಚಿಕೆಯ ಕರಡು ತಿದ್ದುತ್ತಿದ್ದಾಗ ಒಂದು ಸಣ್ಣ ತಕರಾರು ಎದ್ದಿತು. ಭೌತವಿಜ್ಞಾನದ ಲೇಖನದಲ್ಲಿ ‘ಕಣ’ ಎಂಬ ಪದ ಹತ್ತಾರು ಸಲ ಬಂದಿತ್ತು. ಅಲ್ಲಿ ಅದು ನ್ಯೂಟ್ರಿನೊ. ಶ್ವಾಸಕೋಶದ ಕಾಯಿಲೆಗಳ ಲೇಖನದಲ್ಲೂ ಹೆಚ್ಚುಕಡಿಮೆ ಅಷ್ಟೇ ಸಲ ಬಂದಿತ್ತು. ಅಲ್ಲಿ ಅದು ಕಲ್ಲಿನ ದೂಳು. ಓದುಗರಿಗೆ ಗೊಂದಲವಾದೀತು, ಒಂದು ಕಡೆಯಾದರೂ ಬೇರೆ ಪದ ಹಾಕೋಣ ಎಂದರು ಕರಡು ನೋಡುವ ಗೆಳೆಯರು. ಸರಿಯೆಂದು ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಎರಡೂ ಲೇಖನಗಳಲ್ಲಿ ಬರುವ ಊರು ಒಂದೇ ಎಂಬುದು ಕಣ್ಣಿಗೆ ಬಿತ್ತು: ಕೋಲಾರದ ಚಿನ್ನದ ಗಣಿ. ತಿದ್ದದೆ ಹಾಗೇ ಬಿಟ್ಟೆ.

ಕೆ.ಜಿ.ಎಫ್. ಎಂದರೆ ಈಗಿನ ಹುಡುಗರಿಗೆ ಸಿನಿಮಾ. ಹಿರಿಯರಿಗೆ 1902ರಲ್ಲಿ ಶಿವನಸಮುದ್ರದಿಂದ ಹರಿದು ಬಂದ ಕರೆಂಟು, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು, ದೂರದಿಂದಲೇ ಕಾಣುವ ಸೈನೈಡ್ ದಿಬ್ಬಗಳು. ವಿಜ್ಞಾನದ ಚರಿತ್ರೆಯಲ್ಲೂ ಆ ಊರಿಗೆ ಎರಡು ಪುಟಗಳಿವೆ. ಒಂದನ್ನು ಹೆಮ್ಮೆಯಿಂದ ಓದುತ್ತೇವೆ, ಇನ್ನೊಂದನ್ನು ಓದದೆ ಮಗುಚುತ್ತೇವೆ.

ಮೊದಲ ಪುಟ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರಿಂದ ಶುರುವಾಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಆಗಷ್ಟೇ ಸೇರಿದ್ದ ಈ ತರುಣನನ್ನು ಹೋಮಿ ಭಾಭಾ 1950ರ ದಶಕದ ಆರಂಭದಲ್ಲಿ ಗಣಿಗೆ ಕಳಿಸಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ಅಳೆಯಲು ಪಾತಾಳಕ್ಕೆ ಇಳಿಯುವುದೇಕೆ? ಬಂಡೆ ಇಲ್ಲಿ ಜರಡಿಯ ಕೆಲಸ ಮಾಡುತ್ತದೆ. ಆ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ಮ್ಯೂಯಾನ್ ಎಂಬ ಕಣಗಳು ನೆಲದೊಳಕ್ಕೂ ನುಗ್ಗುತ್ತವೆ, ಆಳಕ್ಕೆ ಹೋದಷ್ಟೂ ವಿರಳವಾಗುತ್ತವೆ. ಎಷ್ಟು ಆಳದಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿದರೆ ಅವುಗಳ ಶಕ್ತಿಯ ಲೆಕ್ಕ ಸಿಗುತ್ತದೆ. 1960ರ ದಶಕದ ಆರಂಭದಲ್ಲಿ ಗಣಿಯ ಇನ್ನೂ ಆಳದ ಹಂತದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಯಾನ್ ಕೂಡ ಬರಲಿಲ್ಲ.

ಆ ಸೊನ್ನೆಯೇ ಅವರಿಗೆ ಸಿಕ್ಕ ಚಿನ್ನ. ಬೇರೆಲ್ಲ ಗದ್ದಲವೂ ಅಡಗಿದ ಜಾಗ ಸಿಕ್ಕಿತೆಂದರೆ ಅಲ್ಲಿ ನ್ಯೂಟ್ರಿನೊಗೆ ಹೊಂಚು ಹಾಕಬಹುದು. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಮ್ಮ ಮೈಯ ಒಂದೊಂದು ಚದರ ಸೆಂಟಿಮೀಟರಿನ ಮೂಲಕವೂ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಹಾದುಹೋಗುತ್ತವೆ, ನಮಗೆ ತಿಳಿಯುವುದೇ ಇಲ್ಲ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳು ಇವಕ್ಕಿಂತ ಎಷ್ಟೋ ಕಡಿಮೆ. ಅಂಥದೊಂದು ಅಪರೂಪಕ್ಕೆ ಬಂಡೆಗೆ ತಗುಲಿ ಮ್ಯೂಯಾನ್ ಆಗಿ ಹೊರಬಿದ್ದರೆ ಮಾತ್ರ ಅದು ಬಂದದ್ದು ಗೊತ್ತು. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಮುಂಬೈ, ಒಸಾಕಾ, ಡರ್ಹಮ್‌ನ ವಿಜ್ಞಾನಿಗಳು ಸೇರಿ ಬಲೆ ಹರಡಿದರು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಅಲ್ಲಿ ಗುರುತು ಬಿಟ್ಟಿತು. ಆ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನಸ್ ಅವರ ತಂಡವೂ ಅದೇ ಬೇಟೆಯಲ್ಲಿತ್ತು. ಮೊದಲು ಗುರುತು ಸಿಕ್ಕಿದ್ದು ಅವರಿಗೆ, ಮೊದಲು ಅಚ್ಚಾದದ್ದು ಕೋಲಾರದವರದು. ಪತ್ರಿಕೆ ನಡೆಸುವವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

1980ರಲ್ಲಿ ಅದೇ ಗಣಿಯಲ್ಲಿ 140 ಟನ್ ಕಬ್ಬಿಣದ ಉಪಕರಣ ಕಟ್ಟಿ, ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಕೇಳಿದರು. ಸತ್ತ ಹಾಗೆ ಕಂಡ ಕೆಲವು ಗುರುತುಗಳೂ ಸಿಕ್ಕವು. ಆದರೆ ಬೇರೆ ದೇಶಗಳ ದೊಡ್ಡ ಉಪಕರಣಗಳು ಅದಕ್ಕೆ ಸಾಕ್ಷಿ ಹೇಳಲಿಲ್ಲ. ಪ್ರಶ್ನೆ ಇವತ್ತಿಗೂ ತೆರೆದೇ ಇದೆ. 1992ರಲ್ಲಿ ಪ್ರಯೋಗ ಮುಗಿಯಿತು, 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು.

ಈಗ ಎರಡನೆಯ ಪುಟ. ಕೋಲಾರದ ಚಿನ್ನ ಬೆಣಚುಕಲ್ಲಿನ ಎಳೆಗಳಲ್ಲಿ ಸೇರಿಕೊಂಡಿತ್ತು. ಚಿನ್ನ ಬೇಕೆಂದರೆ ಬೆಣಚುಕಲ್ಲು ಕೊರೆಯಬೇಕು, ಸಿಡಿಸಬೇಕು, ಅರೆಯಬೇಕು. ಬೆಣಚುಕಲ್ಲು ಅಂದರೆ ಸಿಲಿಕಾ. ಅದರ ದಪ್ಪ ದೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತು ಕೆಮ್ಮಿನೊಂದಿಗೆ ಹೊರಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ನೇರವಾಗಿ ಶ್ವಾಸಕೋಶದ ತುದಿಯ ಗಾಳಿಗೂಡಿಗೆ ಹೋಗಿ ಕೂರುತ್ತದೆ.

ಅಲ್ಲಿ ನಡೆಯುವುದನ್ನು ಜೀವವಿಜ್ಞಾನ ವಿವರಿಸುವ ಬಗೆ ಮೈ ಜುಮ್ಮೆನ್ನಿಸುವಂಥದು. ಹೊರಗಿನಿಂದ ಬಂದದ್ದನ್ನು ನುಂಗಿ ಅರಗಿಸುವ ಭಕ್ಷಕ ಕೋಶಗಳು ಈ ಕಣವನ್ನೂ ನುಂಗುತ್ತವೆ. ಕಲ್ಲು ಅರಗುವುದಿಲ್ಲ. ನುಂಗಿದ ಕೋಶದ ಒಳಚೀಲವನ್ನೇ ಅದು ಹರಿಯುತ್ತದೆ, ಕೋಶ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ. ಪ್ರತಿ ಸುತ್ತಿಗೂ ಉರಿಯೂತ, ಉರಿಯೂತದ ಜಾಗದಲ್ಲಿ ನಾರುಗಂಟು. ಗಣಿಗೆ ಇಳಿಯುವುದನ್ನು ಬಿಟ್ಟ ಮೇಲೂ ಈ ಸುತ್ತು ನಿಲ್ಲುವುದಿಲ್ಲ. ಕೋಶದೊಳಗೆ ಈ ಉರಿಯೂತದ ಗಂಟೆ ಬಾರಿಸುವ ಪ್ರೋಟೀನ್ ಕೂಟ ಯಾವುದು ಎಂಬುದು ತಿಳಿದದ್ದು 2008ರ ಸುಮಾರಿಗೆ. ಕಾಯಿಲೆಯ ಹೆಸರು ಸಿಲಿಕೋಸಿಸ್. ಗುಣಪಡಿಸುವ ಮದ್ದು ಇಲ್ಲ. ಜೊತೆಗೆ ಕ್ಷಯಕ್ಕೆ ಅದು ಬಾಗಿಲು ತೆರೆದಿಡುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ಬರೀ ಕ್ಷಯವೆಂದು ಬರೆದುಕೊಂಡದ್ದೂ ಉಂಟು.

ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು 1934ರಲ್ಲಿ, ಕೋಲಾರದ ಗಣಿಯಲ್ಲೇ. 1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆಂದೇ ನಿಯಮ ಮಾಡಿತು. ಆ ದಶಕದಲ್ಲಿ ಇಲ್ಲಿನ ವೈದ್ಯರು 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದು ಕಂಡಿತು. ಇದೂ ಸಂಶೋಧನೆಯೇ, ಜಗತ್ತಿನ ವೈದ್ಯಕೀಯ ಪತ್ರಿಕೆಗಳು ಇಂದಿಗೂ ನೆನೆಯುವಂಥದು. ಆದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಕೆ.ಜಿ.ಎಫ್. ಪಾಠ ಚಿನ್ನ ಮತ್ತು ವಿದ್ಯುತ್ತಿಗೆ ಮುಗಿಯುತ್ತದೆ. ಹೆಚ್ಚೆಂದರೆ ನ್ಯೂಟ್ರಿನೊ.

ಎರಡು ಪುಟಗಳನ್ನು ಎದುರಾಬದುರಾ ಇಟ್ಟು ನೋಡಿ. ಒಂದು ಕಣ ಮೈಯೊಳಗೆ ಹಾದುಹೋಗುತ್ತದೆ, ಏನನ್ನೂ ಮುಟ್ಟುವುದಿಲ್ಲ. ಇನ್ನೊಂದು ಮೈಯೊಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಮೊದಲನೆಯದನ್ನು ಹಿಡಿಯಲು ಮೂರು ದೇಶಗಳ ಪರಿಣತರು ಸೇರಬೇಕಾಯಿತು. 1965ರ ಪ್ರಬಂಧದಲ್ಲಿ 11 ಹೆಸರುಗಳಿವೆ. ಎರಡನೆಯದನ್ನು ಹಿಡಿದವರ ಸಂಖ್ಯೆ ಸಾವಿರಗಟ್ಟಲೆ. ಅವರು ಹಿಡಿಯಲು ಹೋದದ್ದಲ್ಲ, ಉಸಿರಾಡಿದ್ದು. ಮತ್ತು ಆ 2.3 ಕಿಲೋಮೀಟರ್ ಬಂಡೆಯ ಜರಡಿಗೆ ದಾರಿ ಕೊರೆದು ಕೊಟ್ಟವರು ಅವರೇ. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ಗಣಿಯ ಲೈನ್ ಮನೆಗಳಲ್ಲಿ ಬದುಕಿದವರು.

ಇದನ್ನು ಭೌತವಿಜ್ಞಾನಿಗಳ ಮೇಲಿನ ದೂರೆಂದು ಯಾರೂ ಓದಬಾರದು. ಕಾರ್ಮಿಕರು ಇಳಿಯುತ್ತಿದ್ದ ಅದೇ ಲಿಫ್ಟಿನ ಬೋನಿನಲ್ಲಿ ಇಳಿದು, ಅದೇ ಬಂಡೆಯ ಕಾವಿನಲ್ಲಿ ಕೂತು, ಬಾರದ ಕಣಕ್ಕಾಗಿ ತಿಂಗಳುಗಟ್ಟಲೆ ಕಾದವರು ಅವರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಎಣಿಸುವ ಆ ತಾಳ್ಮೆಗೆ ನನ್ನ ನಮಸ್ಕಾರ. ನನ್ನ ತಕರಾರು ಬೇರೆ. ಪ್ರೋಟಾನ್ ಸಾಯುತ್ತದೆಯೇ ಎಂಬುದಕ್ಕೆ ಉತ್ತರ ಗೊತ್ತಿಲ್ಲ, ಹಾಗಾಗಿ ಹುಡುಕುತ್ತಿದ್ದೇವೆ. ಸಿಲಿಕೋಸಿಸ್ ತಡೆಯುವುದು ಹೇಗೆ ಎಂಬುದಕ್ಕೆ ಉತ್ತರ ಎಂದೋ ಗೊತ್ತಾಗಿದೆ: ನೀರು ಹಾಯಿಸಿ ಕೊರೆಯಿರಿ, ಗಾಳಿ ಆಡಲು ಬಿಡಿ, ದೂಳು ಅಳೆಯಿರಿ, ಆಳುಗಳ ಎದೆಯ ಎಕ್ಸ್‌ರೇ ತೆಗೆಸುತ್ತಿರಿ. ಇದರಲ್ಲಿ ಕಂಡುಹಿಡಿಯಬೇಕಾದದ್ದು ಏನೂ ಉಳಿದಿಲ್ಲ, ಮಾಡಬೇಕಾದದ್ದು ಉಳಿದಿದೆ.

ಗಣಿ ಮುಚ್ಚಿದ ಮಾತ್ರಕ್ಕೆ ಕಣ ಸುಮ್ಮನಾಗಿಲ್ಲ. ಪಟ್ಟಣದ ಹೊಸ ಅಡುಗೆಮನೆಗಳಿಗೆ ಈಗ ಕೃತಕ ಕ್ವಾರ್ಟ್ಜ್ ಕಟ್ಟೆ ಬಂದಿದೆ. ಅದರಲ್ಲಿ ನೂರಕ್ಕೆ 90ಕ್ಕೂ ಮೇಲೆ ಸಿಲಿಕಾ ಇರುವುದುಂಟು. ಅದನ್ನು ನೀರು ಹಾಯಿಸದೆ ಕತ್ತರಿಸಿದವರು ಎಳೆಯ ವಯಸ್ಸಿನಲ್ಲೇ ಸಿಲಿಕೋಸಿಸ್‌ಗೆ ತುತ್ತಾದ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. 1934ರಲ್ಲಿ ಕೋಲಾರದಲ್ಲಿ ಬರೆದಿಟ್ಟ ಪಾಠವನ್ನು 90 ವರ್ಷಗಳ ಮೇಲೆ ಸಮುದ್ರದಾಚೆ ಮತ್ತೆ ಕಲಿತರು. ನಮ್ಮ ಊರುಗಳಲ್ಲಿ ಗ್ರಾನೈಟ್ ಕೊಯ್ಯುವ ಹುಡುಗ ಈಗಲೂ ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಮೈಯೆಲ್ಲ ಬಿಳಿಯಾಗಿ, ಯಂತ್ರದ ಮುಂದೆ ಬಗ್ಗಿರುತ್ತಾನೆ.

ಪರಿವಿಡಿಯಲ್ಲಿ ವೈದ್ಯಕೀಯ, ಜೀವವಿಜ್ಞಾನ, ಭೌತವಿಜ್ಞಾನ ಎಂದು ಮೂರು ಭಾಗ ಮಾಡಿದ್ದೆವು. ಕೊನೆಗೆ ಆ ಗೆರೆಗಳನ್ನು ಅಳಿಸಿ, ಎರಡೂ ಲೇಖನಗಳನ್ನು ಅಕ್ಕಪಕ್ಕ ಇಟ್ಟಿದ್ದೇವೆ. ‘ಕಣ’ ಎರಡರಲ್ಲೂ ಉಳಿದಿದೆ.

ಆ ಪದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಅರ್ಥ ಇದೆಯಲ್ಲ. ಕೋಲಾರದ ಸೀಮೆಯಲ್ಲಿ ರಾಗಿ ಬಡಿದು ತೂರುವ ಜಾಗವೂ ಕಣವೇ. ತೂರುವವರು ಮೊರ ಎತ್ತುವ ಮೊದಲು ಗಾಳಿ ಯಾವ ಕಡೆ ಬೀಸುತ್ತಿದೆ ನೋಡುತ್ತಾರೆ, ಆ ಕಡೆ ನಿಂತವರನ್ನು ಈಚೆಗೆ ಬರಹೇಳುತ್ತಾರೆ. ಕಾಳು ರಾಶಿಯಾಗುವುದು ಆಮೇಲೆ.