ಮಾತ್ರೆ ತೆಗೆದುಕೊಂಡಿರಾ? ತೆಗೆದುಕೊಂಡಿದ್ದೀರಾ?

ಹೊಟ್ಟೆಪಾಡಿಗಾಗಿ ಪರವೂರನ್ನು ಸೇರಿದವನಿಗೆ ಪ್ರಶ್ನೆಯೇ ಮೊದಲ ಬಂಡವಾಳ. ಉಡುಪಿಯಿಂದಲೋ ಧಾರವಾಡದಿಂದಲೋ ವಿಜಯಪುರದಿಂದಲೋ ಕುರ್ಲಾಕ್ಕೆ ಬಂದಿಳಿದ ಕನ್ನಡಿಗನು ಬೀದಿಯಲ್ಲಿ ಹಿಂದಿಯನ್ನೂ ನೆರೆಮನೆಯಲ್ಲಿ ಮರಾಠಿಯನ್ನೂ ಕೇಳಿ ಕೇಳಿಯೇ ಕಲಿಯುತ್ತಾನೆ. ಇಂಗ್ಲಿಷಿನ ಮಾತು ಬೇರೆ. ಅದು ಬ್ಯಾಂಕಿನ ಕೌಂಟರಿನಲ್ಲಿ, ಮಕ್ಕಳ ಶಾಲೆಯಲ್ಲಿ, ನೌಕರಿಯ ಇಂಟರ್‌ವ್ಯೂನಲ್ಲಿ, ತಜ್ಞ ವೈದ್ಯರ ಎದುರಿನಲ್ಲಿ ಎದುರಾಗುವ ಭಾಷೆ. ಅಲ್ಲೆಲ್ಲ ನಡೆಯುವುದು ಭಾಷಣವಲ್ಲ, ಪ್ರಶ್ನೋತ್ತರ. ಈ ಪ್ರಶ್ನೋತ್ತರದಲ್ಲಿ ನಮ್ಮವರು ಎಡವುವುದು ಪದಗಳ ಕೊರತೆಯಿಂದಲ್ಲ, ಕಾಲದ ಗೊಂದಲದಿಂದ ಎಂಬುದು ವಿಚಾರಾರ್ಹ ಸಂಗತಿ.

‘ಡಿಡ್’ ಎನ್ನಬೇಕೋ ‘ಹ್ಯಾವ್’ ಎನ್ನಬೇಕೋ ಎಂಬುದೇ ಆ ಗೊಂದಲದ ತಿರುಳು. ಇಂಗ್ಲಿಷ್ ವ್ಯಾಕರಣವು ‘ಹ್ಯಾವ್’ ಕೂಡಿದ ರೂಪವನ್ನು ಪೂರ್ಣ ವರ್ತಮಾನವೆಂದು ಕರೆಯುತ್ತದೆ. ಅದು ಭೂತದ ಬಗೆಯಲ್ಲ, ವರ್ತಮಾನದ ಬಗೆ. ಕೆಲಸ ನಡೆದದ್ದು ಹಿಂದೆ. ಆದರೆ ಮಾತಾಡುವವನ ದೃಷ್ಟಿ ಇರುವುದು ಈಗಿನ ಸ್ಥಿತಿಯ ಮೇಲೆ. ಲೋಕಮಾನ್ಯ ಟಿಳಕ್ ಟರ್ಮಿನಸ್ಸಿನಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧಾ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಆ ಗಾಡಿಯನ್ನು ಹಿಡಿಯಲು ಓಡದ ಕರಾವಳಿಯ ಕುಟುಂಬ ಈ ಭಾಗದಲ್ಲಿ ವಿರಳ. ಮೂಟೆ ಹೊತ್ತು ಬಂದವನು ‘ಹ್ಯಾಸ್ ದ ಟ್ರೇನ್ ಲೆಫ್ಟ್?’ ಎಂದು ಕೇಳಿದರೆ, ಇನ್ನೂ ಓಡಬೇಕೇ, ಮನೆಗೆ ಮರಳಬೇಕೇ ಎಂಬುದು ಅವನ ಚಿಂತೆ. ‘ವೆನ್ ಡಿಡ್ ದ ಟ್ರೇನ್ ಲೀವ್?’ ಎಂದರೆ ಗಾಡಿ ಹೋದದ್ದು ಖಚಿತ. ಹೋದ ಗಳಿಗೆಯಷ್ಟೇ ಬೇಕು. ‘ವೆನ್ ಹ್ಯಾಸ್ ದ ಟ್ರೇನ್ ಲೆಫ್ಟ್?’ ಎಂಬುದು ಮಾತ್ರ ಸಲ್ಲದು. ‘ಯಾವಾಗ’ ಎಂಬ ಮಾತು ಕಳೆದುಹೋದ ಗಳಿಗೆಯನ್ನು ಕೇಳುತ್ತದೆ, ‘ಹ್ಯಾಸ್’ ಎಂಬುದು ಈಗಿನ ಸ್ಥಿತಿಯನ್ನು ಹೇಳುತ್ತದೆ, ಇವೆರಡಕ್ಕೂ ಹೊಂದಿಕೆಯಿಲ್ಲ.

ಹೀಗಾಗಿ ಸೂತ್ರವು ಸರಳವಾದುದೇ. ನಿನ್ನೆ, ಹೋದ ವರ್ಷ, ಹತ್ತು ನಿಮಿಷದ ಹಿಂದೆ ಎಂದು ಕಾಲದ ಬಾಗಿಲು ಮುಚ್ಚಿದ್ದರೆ ‘ಡಿಡ್’; ಇದುವರೆಗೆ, ಎಂದಾದರೂ, ಇನ್ನೂ ಎಂದು ಬಾಗಿಲು ತೆರೆದಿದ್ದರೆ ‘ಹ್ಯಾವ್’. ಇಷ್ಟು ಸರಳವಾದುದು ವಿದ್ಯಾವಂತರಿಗೂ ಏಕೆ ಕೈಕೊಡುತ್ತದೆ? ಅದಕ್ಕೆ ಕಾರಣ ದಡ್ಡತನವಲ್ಲ, ಕನ್ನಡವೇ.

ಕನ್ನಡದಲ್ಲಿ ‘ನಿನ್ನೆಯೇ ಹಣ ಕಟ್ಟಿದ್ದೇನೆ’ ಎಂಬುದು ನಿರ್ದುಷ್ಟವಾದ ವಾಕ್ಯ. ಅದನ್ನೇ ಇಂಗ್ಲಿಷಿಗೆ ಇಳಿಸಿ ‘ಐ ಹ್ಯಾವ್ ಪೇಡ್ ಯೆಸ್ಟರ್‌ಡೇ’ ಎಂದರೆ ತಪ್ಪಾಗುತ್ತದೆ. ‘ಹೋದ ವಾರ ಬಂದಿದ್ದೆ’ ಎಂಬ ಸಹಜವಾದ ಮಾತು ‘ಐ ಹ್ಯಾಡ್ ಕಮ್ ಲಾಸ್ಟ್ ವೀಕ್’ ಎಂದಾಗುತ್ತದೆ. ಇಂಗ್ಲಿಷಿನ ‘ಹ್ಯಾಡ್’ ಒಂಟಿಯಾಗಿ ನಿಲ್ಲುವುದಿಲ್ಲ. ನಾವು ಕುರ್ಲಾ ತಲುಪುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು ಎಂಬಂತೆ, ಅದರ ನಂತರ ನಡೆದ ಇನ್ನೊಂದು ಘಟನೆಯ ಆಸರೆ ಅದಕ್ಕೆ ಬೇಕು. ಹಿಂದಿಯ ‘ಆಯಾ ಥಾ’, ಮರಾಠಿಯ ‘ಆಲೋ ಹೋತೋ’ ಎಂಬ ಪ್ರಯೋಗಗಳೂ ಕನ್ನಡದ ಹಾದಿಯನ್ನೇ ಹಿಡಿದಿರುವುದರಿಂದ ಮುಂಬಯಿಯ ವಾತಾವರಣವು ಈ ತಪ್ಪನ್ನು ತಿದ್ದುವುದಿಲ್ಲ, ಗಟ್ಟಿಗೊಳಿಸುತ್ತದೆ. ಅತ್ತ ‘ಊಟವಾಯಿತೇ?’ ಎಂಬ ನಮ್ಮ ನಿತ್ಯದ ಕುಶಲಪ್ರಶ್ನೆಯಲ್ಲಿ ಕ್ರಿಯಾಪದದ ರೂಪ ಭೂತಕಾಲದ್ದು, ಆಶಯ ಮಾತ್ರ ಈಗಿನ ಹಸಿವನ್ನು ಕುರಿತದ್ದು. ಆಂಗ್ಲರು ಅಲ್ಲಿ ‘ಹ್ಯಾವ್ ಯೂ ಈಟನ್?’ ಎನ್ನುವರು.

‘ಡಿಡ್ ಯೂ ವೆಂಟ್?’ ಎಂಬ ಪ್ರಯೋಗದ ಮೂಲವೂ ಇಂಥದೇ. ಕನ್ನಡದ ‘ಹೋದಿರಾ?’ ಎಂಬಲ್ಲಿ ಭೂತಕಾಲವು ಕ್ರಿಯಾಪದದ ಒಳಗಿರುತ್ತದೆ, ಪ್ರಶ್ನೆ ಅದರ ತುದಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಭೂತಕಾಲದ ಹೊರೆಯನ್ನು ‘ಡಿಡ್’ ತಾನೇ ಹೊತ್ತು ಮುಂದೆ ನಡೆಯುತ್ತದೆ. ಹಿಂದೆ ಬರುವ ‘ಗೋ’ ಎಂಬುದಕ್ಕೆ ಅದನ್ನು ಮತ್ತೊಮ್ಮೆ ಹೊರಿಸಬೇಕಾಗಿಲ್ಲ.

ಅರ್ಥವಾದರೆ ಸಾಕಲ್ಲವೇ, ವ್ಯಾಕರಣದ ಗೊಡವೆ ಏಕೆ ಎಂದು ಕೇಳುವವರುಂಟು. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಊಟದ ಪ್ರಶ್ನೆಯಲ್ಲಿ ಅಮೆರಿಕದವರೇ ‘ಡಿಡ್ ಯೂ ಈಟ್?’ ಎನ್ನುವುದು ವಾಡಿಕೆ. ‘ಐ ಹ್ಯಾಡ್ ಕಮ್ ಲಾಸ್ಟ್ ವೀಕ್’ ಎಂದ ಗ್ರಾಹಕನ ಮಾತು ಬ್ಯಾಂಕಿನವರಿಗೆ ತಿಳಿಯದೆ ಹೋಗುವುದಿಲ್ಲ. ಅಂಥ ತಪ್ಪುಗಳಿಗೆ ನಗುವುದು ಸಂಸ್ಕಾರವಲ್ಲ. ಆದರೆ ಅರ್ಥವೇ ತಲೆಕೆಳಗಾಗುವ ಸ್ಥಳಗಳೂ ಇವೆ. ಅವುಗಳಲ್ಲಿ ಆಸ್ಪತ್ರೆ ಮೊದಲನೆಯದು.

ಕುರ್ಲಾದ ಮುನಿಸಿಪಲ್ ಭಾಭಾ ಆಸ್ಪತ್ರೆಯಂಥ ಕಡೆಗಳಲ್ಲಿ ಮಾತುಕತೆ ಬಹುಮಟ್ಟಿಗೆ ಹಿಂದಿ ಮರಾಠಿಗಳಲ್ಲೇ ನಡೆದೀತು. ಆದರೂ ಕೇಸ್ ಪೇಪರು ಇಂಗ್ಲಿಷಿನದು. ಖಾಸಗಿ ತಜ್ಞರಲ್ಲಿ ಪ್ರಶ್ನೆಯೂ ಅನೇಕ ವೇಳೆ ಇಂಗ್ಲಿಷಿನದೇ. ‘ಐ ಹ್ಯಾಡ್ ಎ ಕಾಫ್ ಫಾರ್ ಟೂ ವೀಕ್ಸ್’ ಎಂದರೆ ಎರಡು ವಾರ ಕೆಮ್ಮು ಇತ್ತು, ಈಗ ಇಲ್ಲವೆಂಬ ಧ್ವನಿ ಬರುತ್ತದೆ. ‘ಐ ಹ್ಯಾವ್ ಹ್ಯಾಡ್ ಎ ಕಾಫ್ ಫಾರ್ ಟೂ ವೀಕ್ಸ್’ ಎಂದರೆ ಎರಡು ವಾರದಿಂದ ಕೆಮ್ಮು ಇದೆ, ನಿಂತಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ದೇಶದ ಕ್ಷಯರೋಗ ನಿವಾರಣಾ ಕಾರ್ಯಕ್ರಮದ ಸೂಚನೆ. ಇಕ್ಕಟ್ಟಾದ ಚಾಳುಗಳಲ್ಲಿ, ಗಾಳಿಬೆಳಕು ಸಾಲದ ಖೋಲಿಗಳಲ್ಲಿ ಬಾಳುವ ಜನರ ಪಾಲಿಗೆ ಒಂದು ಸಹಾಯಕ ಕ್ರಿಯಾಪದ ಎಷ್ಟು ತೂಕದ್ದೆಂಬುದು ಇದರಿಂದ ವೇದ್ಯವಾಗುತ್ತದೆ.

‘ಹ್ಯಾವ್ ಯೂ ಎವರ್ ಹ್ಯಾಡ್ ಎ ರಿಯಾಕ್ಷನ್ ಟು ಎನಿ ಮೆಡಿಸಿನ್?’ ಎಂಬ ಪ್ರಶ್ನೆಯೂ ಅಷ್ಟೇ ಗಂಭೀರವಾದುದು. ‘ಎವರ್’ ಎಂದರೆ ಹುಟ್ಟಿದಂದಿನಿಂದ ಈ ಗಳಿಗೆಯವರೆಗೆ. ರೋಗಿ ಅದನ್ನು ‘ಈಚೆಗೆ’ ಎಂದು ತಿಳಿದು ಇಲ್ಲವೆಂದರೆ, ಬಾಲ್ಯದಲ್ಲಿ ಪೆನ್ಸಿಲಿನ್ ಚುಚ್ಚಿದಾಗ ಮೈಯೆಲ್ಲ ದದ್ದೆದ್ದ ಸಂಗತಿ ಕೇಸ್ ಪೇಪರಿಗೆ ಏರದೆ ಉಳಿಯುತ್ತದೆ. ‘ಹ್ಯಾವ್ ಯೂ ಟೇಕನ್ ದ ಟ್ಯಾಬ್ಲೆಟ್?’ ಎಂಬುದಕ್ಕೆ ನಿನ್ನೆಯ ಮಾತ್ರೆಯನ್ನು ನೆನೆದು ‘ಯೆಸ್’ ಎಂದರೆ ಇಂದಿನ ಮಾತ್ರೆ ತಪ್ಪಿತು. ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಆರು ಗಂಟೆ ಘನಾಹಾರ ವರ್ಜ್ಯ. ‘ಹ್ಯಾವ್ ಯೂ ಈಟನ್ ಎನಿಥಿಂಗ್?’ ಎಂದು ಕೇಳಿದಾಗ ಬೆಳಗಿನ ಒಂದು ಇಡ್ಲಿಯೂ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳು ತಾಯಿಯ ‘ಡಿಡ್ ಯೂ ವೆಂಟ್’ ಕೇಳಿ ನಗುವುದು ಅನೇಕ ಮನೆಗಳಲ್ಲಿ ವಿನೋದವಾಗಿ ಬಿಟ್ಟಿದೆ. ನಗೆಗೆ ಅಂಜಿದ ತಾಯಿ ಪ್ರಶ್ನೆಯನ್ನೇ ಬಿಡುತ್ತಾಳೆ. ಶಾಲೆಯಲ್ಲಿ ಶಿಕ್ಷಕರನ್ನು ಕೇಳುವುದಿಲ್ಲ, ಆಸ್ಪತ್ರೆಯಲ್ಲಿ ವೈದ್ಯರನ್ನು ಕೇಳುವುದಿಲ್ಲ. ತಪ್ಪಾಗಿ ಕೇಳಿದ ಪ್ರಶ್ನೆಗಿಂತ ಕೇಳದೆ ಉಳಿದ ಪ್ರಶ್ನೆಯೇ ಹೆಚ್ಚು ಅಪಾಯಕರ. ಆದ್ದರಿಂದ ಅರ್ಥ ಕೆಡುವಲ್ಲಿ ತಿದ್ದುವುದು, ಕೆಡದಲ್ಲಿ ಸೈರಿಸುವುದು, ಎಲ್ಲಿಯೂ ನಗದಿರುವುದು ವಿವೇಕದ ಮಾರ್ಗ.

ತಿದ್ದುವ ಬಗೆಯನ್ನೂ ಬದಲಿಸಬೇಕಾಗಿದೆ. ಕಾಲಗಳ ಹನ್ನೆರಡು ಕೋಷ್ಟಕಗಳನ್ನು ಬಾಯಿಪಾಠ ಮಾಡಿಸಿದ್ದರಿಂದ ಆದ ಲಾಭ ಅಲ್ಪ. ‘ಮಾಡಿದೆ, ಮಾಡಿದ್ದೇನೆ, ಮಾಡಿದ್ದೆ’ ಎಂಬ ಮೂರು ರೂಪಗಳು ಕನ್ನಡದಲ್ಲೇ ಇವೆ. ಸಂಸ್ಕೃತದ ವೈಯಾಕರಣರು ಸಹ ಭೂತವನ್ನು ಒಂದೇ ಎಂದೆಣಿಸದೆ, ಇಂದಿನದಲ್ಲದ್ದು, ಕಣ್ಣಿಗೆ ಕಾಣದ್ದು ಎಂದು ಬೇರ್ಪಡಿಸಿದ್ದರು. ಕಾಲದ ಸೂಕ್ಷ್ಮ ನಮಗೆ ಹೊಸತಲ್ಲ. ಎರಡು ಭಾಷೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಕನ್ನಡದಲ್ಲೇ ವಿವರಿಸಿದರೆ ಬಲಿತವರೂ ಬೇಗ ಗ್ರಹಿಸುವರು. ಕನ್ನಡವನ್ನು ಮರೆತು ಇಂಗ್ಲಿಷ್ ಕಲಿಯಬೇಕೆಂಬ ಭ್ರಮೆಗೆ ಇಲ್ಲಿ ಎಡೆಯೇ ಇಲ್ಲ.

ಹಗಲು ಹೊಟೇಲುಗಳಲ್ಲಿ ದುಡಿದು ಇರುಳು ಶಾಲೆಗಳಲ್ಲಿ ಓದಿ ಮುಂದೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದು. ಆ ಪರಂಪರೆಗೆ ಸಲ್ಲುವಂತೆ ಕನ್ನಡ ಸಂಘಗಳು ವಾರಕ್ಕೊಂದು ಸಂಜೆಯನ್ನು ಗೃಹಿಣಿಯರಿಗೂ ದುಡಿಯುವ ತರುಣರಿಗೂ ಮೀಸಲಿಡಲಿ. ಆಸ್ಪತ್ರೆಯ ಹತ್ತು ಪ್ರಶ್ನೆ, ಶಾಲೆಯ ಐದು, ಬ್ಯಾಂಕು ರೈಲುಗಳ ಐದು, ಹೀಗೆ ಇಪ್ಪತ್ತು ಪ್ರಶ್ನೆಗಳನ್ನು ಉತ್ತರಸಹಿತ ಆಡಿಸಿ ರೂಢಿ ಮಾಡಿಸಲಿ. ರೂಢಿಯಾಗುವವರೆಗೆ ಒಂದು ಉಪಾಯ ಸಾಕು: ಸಂದೇಹ ಬಂದಲ್ಲಿ ದಿನ, ವಾರ, ತಾರೀಖು ಸೇರಿಸಿ ಹೇಳುವುದು, ‘ಈಗಲೂ ಇದೆ’, ‘ಈಗ ಇಲ್ಲ’ ಎಂಬೆರಡು ಮಾತುಗಳನ್ನು ತಿಳಿದ ಯಾವ ಭಾಷೆಯಲ್ಲಾದರೂ ತಪ್ಪದೆ ಕೂಡಿಸುವುದು. ವೈದ್ಯರು ಮೆಚ್ಚುವುದು ಚಂದದ ಇಂಗ್ಲಿಷನ್ನಲ್ಲ, ಕೆಮ್ಮು ಎಂದು ಆರಂಭವಾಯಿತು, ಇನ್ನೂ ಇದೆಯೇ ಎಂಬ ಸ್ಪಷ್ಟವಾದ ಉತ್ತರವನ್ನು.